ಟ್ವೀಕ್ ಯುಐ: ಹಳೆ ಕಂಪ್ಯೂಟರಿನ ಕಿವಿ ಹಿಂಡುವ ಕಲೆ

ನವಿಮುಂಬಯಿಯ ಐರೋಳಿ, ಮಹಾಪೆಯ ಆಫೀಸುಗಳಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ಕಂಪ್ಯೂಟರುಗಳು ಬದಲಾಗುತ್ತವೆ. ಡೊಂಬಿವಲಿ, ಕಲ್ಯಾಣಗಳಲ್ಲಿ ಕನ್ನಡ ಡಿಟಿಪಿ ಮಾಡುವವರ ಲೆಕ್ಕವೇ ಬೇರೆ. ವಿಂಡೋಸ್ ಎಕ್ಸ್‌ಪಿಯ ಹಳೆ ಪೆಟ್ಟಿಗೆಯೊಂದನ್ನು ಅವರಲ್ಲಿ ಕೆಲವರು ಇನ್ನೂ ಬಿಟ್ಟುಕೊಟ್ಟಿಲ್ಲ. ಜಿಪುಣತನವೇನಲ್ಲ. ಸಂಘದ ಸ್ಮರಣ ಸಂಚಿಕೆ, ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ ಎಲ್ಲವೂ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿನಲ್ಲಿ, ಯುನಿಕೋಡ್ ಅಲ್ಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕೂತಿವೆ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಪರಿವರ್ತಕಗಳಿಂದ ಪಠ್ಯವನ್ನು ಯುನಿಕೋಡ್‌ಗೆ ತರಬಹುದು, ಆದರೆ ಪುಟವಿನ್ಯಾಸ ಜೊತೆಗೆ ಬರುವುದಿಲ್ಲ.

ಇಂಥ ಯಂತ್ರ ಇಟ್ಟುಕೊಂಡವರು ಕಲಿಯಬೇಕಾದ ಪುಟ್ಟ ತಂತ್ರಾಂಶ ಟ್ವೀಕ್ ಯುಐ. ವಿಂಡೋಸ್ 95ರ ಕಾಲದಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರುಗಳು ಪವರ್‌ಟಾಯ್ಸ್ ಹೆಸರಲ್ಲಿ ಪುಕ್ಕಟೆ ಹಂಚಿದ ಆಟಿಕೆಗಳಲ್ಲಿ ಇದೂ ಒಂದು. ಬರೆದವರು ರೇಮಂಡ್ ಚೆನ್. ವಿಂಡೋಸ್ ತನ್ನ ಅಭ್ಯಾಸಗಳನ್ನೆಲ್ಲ ರಿಜಿಸ್ಟ್ರಿ ಎಂಬ ದೊಡ್ಡ ದಫ್ತರದಲ್ಲಿ ಬರೆದಿಡುತ್ತದೆ. ಅಲ್ಲಿ ನೇರವಾಗಿ ಕೈಹಾಕಿ ಒಂದು ಸಾಲು ತಪ್ಪಿದರೂ ಕಂಪ್ಯೂಟರ್ ಏಳದೆ ಹೋದೀತು. ಟ್ವೀಕ್ ಯುಐ ಆ ಸಾಲುಗಳಲ್ಲಿ ಬೇಕಾದ ಕೆಲವನ್ನಷ್ಟೇ ಟಿಕ್ ಹಾಕುವ ಚೌಕಗಳಾಗಿ ಎದುರಿಗಿಡುತ್ತದೆ.

ಮೊದಲು ‘ಮೌಸ್’ ಪುಟ. ಉಪಮೆನು ತೆರೆದುಕೊಳ್ಳುವ ಮುನ್ನ ವಿಂಡೋಸ್ ಬೇಕೆಂದೇ 400 ಮಿಲಿಸೆಕೆಂಡು ಕಾಯುತ್ತದೆ. ಅದನ್ನು ಇಳಿಸಿದ ಕೂಡಲೇ ಹಳೆಯ ಯಂತ್ರ ಚುರುಕಾದಂತೆ ತೋರುತ್ತದೆ. ತೋರುತ್ತದೆ, ಅಷ್ಟೇ; ಪ್ರೊಸೆಸರ್ ಇದ್ದಷ್ಟೇ ಇದೆ. ವೇಗ ಇಮ್ಮಡಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಟೈಪ್ ಮಾಡುವವರಿಗೆ ನಿಜಕ್ಕೂ ಉಪಕಾರಿ ‘ಫೋಕಸ್’ ಪುಟ. ಕೀಲಿಮಣೆ ಕೈಗೆ ಕೂತವರ ಕಣ್ಣು ಹಸ್ತಪ್ರತಿಯ ಮೇಲಿರುತ್ತದೆ, ಪರದೆಯ ಮೇಲಲ್ಲ. ನಡುವೆ ಬೇರೆ ಕಿಟಕಿಯೊಂದು ಎದ್ದು ಬಂದರೆ ಅರ್ಧ ಪ್ಯಾರಾ ಅದರ ಪಾಲು. ಹಾಗೆ ಮುಂದೆ ನುಗ್ಗುವುದನ್ನು ತಡೆಯಲು ಇಲ್ಲೊಂದು ಟಿಕ್ ಸಾಕು. ಆ ಕಿಟಕಿ ಪರದೆಯ ಕೆಳಗಿನ ಪಟ್ಟಿಯಲ್ಲೇ ಮಿನುಗುತ್ತ ಕಾಯುತ್ತದೆ.

‘ಮೈ ಕಂಪ್ಯೂಟರ್’ ಅಡಿಯ ‘ಸ್ಪೆಷಲ್ ಫೋಲ್ಡರ್ಸ್’ನಲ್ಲಿ ಮೈ ಡಾಕ್ಯುಮೆಂಟ್ಸ್‌ನ ಜಾಗವನ್ನು ಡಿ ಡ್ರೈವ್‌ಗೆ ಬದಲಿಸಬಹುದು. ಮುಂದೆಂದಾದರೂ ಸಿ ಡ್ರೈವ್ ಫಾರ್ಮ್ಯಾಟ್ ಮಾಡುವ ಪ್ರಸಂಗ ಬಂದರೂ ಅಲ್ಲಿಟ್ಟ ಕಡತಗಳು ಉಳಿಯುತ್ತವೆ. ಹಾರ್ಡ್‌ಡಿಸ್ಕೇ ಕೆಟ್ಟರೆ ಇದೂ ಕಾಯದು, ಪ್ರತಿ ಬೇರೆಡೆ ಇರಲೇಬೇಕು.

ವಿಂಡೋಸ್ 98ರ ಟ್ವೀಕ್ ಯುಐಯಲ್ಲಿ ‘ಬೂಟ್’ ಎಂಬ ಪುಟವೂ ಇತ್ತು. 2000ದ ದಶಕದಲ್ಲಿ ಮುಂಬಯಿ ನಗರ ಬೆಳಗುತ್ತಿದ್ದರೂ ಕಲ್ಯಾಣ್-ಡೊಂಬಿವಲಿಗೆ ಲೋಡ್‌ಶೆಡ್ಡಿಂಗ್ ತಪ್ಪುತ್ತಿರಲಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಸ್ಕ್ಯಾನ್‌ಡಿಸ್ಕ್ ಡಿಸ್ಕ್ ತಪಾಸಣೆಗೆ ಕೂರುತ್ತಿತ್ತು. ಅದು ತಾನಾಗಿ ಓಡಬೇಕೇ, ಕೇಳಿ ಓಡಬೇಕೇ, ಬೇಡವೇ ಬೇಡವೇ ಎಂದು ಆ ಪುಟದಲ್ಲಿ ತೀರ್ಮಾನಿಸಬಹುದಿತ್ತು. ಬೇಡವೆನ್ನುವುದು ಜಾಣತನವಲ್ಲ.

ಕಲಿಯುವ ಕ್ರಮ ಸರಳ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಏನಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಒಂದೆರಡು ದಿನ ಬಳಸಿ ನೋಡುವುದು. ಪಾಸ್‌ವರ್ಡ್ ಕೇಳದೆ ಒಳಬಿಡುವ ‘ಆಟೋಲಾಗಾನ್’ ಅನ್ನು ನಾಲ್ಕು ಜನ ಓಡಾಡುವ ಅಂಗಡಿಯಲ್ಲಿ ಮುಟ್ಟಬಾರದು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಆದ್ದರಿಂದ ಇಂಟರ್‌ನೆಟ್ ಕೇಬಲ್ ಕಿತ್ತಿಟ್ಟೇ ಕೆಲಸ ಮಾಡುವುದು ಕ್ಷೇಮ. 2019ರಲ್ಲಿ ಪವರ್‌ಟಾಯ್ಸ್ ಮತ್ತೆ ಬಂತು, ಹೊಸ ವಿಂಡೋಸ್‌ಗಾಗಿ. ಅದರಲ್ಲಿ ಟ್ವೀಕ್ ಯುಐ ಇಲ್ಲ.