ಸೇರಿದವರೆಷ್ಟು, ಪದವಿ ಪಡೆದವರೆಷ್ಟು?

ಫೀಸಿನಲ್ಲಿ ಮುನ್ನೂರು ಡಾಲರ್ ಬಾಕಿ ಉಳಿದಿದ್ದರೂ ಸಾಕು, ಹೆಸರು ತೆಗೆದುಹಾಕುತ್ತಿದ್ದರು. ಅಮೆರಿಕದ ಅಟ್ಲಾಂಟಾ ನಗರದ ನಡುಮಧ್ಯದಲ್ಲಿರುವ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು ಕಾಲಕ್ಕೆ ಪ್ರತಿ ಸೆಮಿಸ್ಟರ್‌ನಲ್ಲೂ ಸಾವಿರದಷ್ಟು ವಿದ್ಯಾರ್ಥಿಗಳು ಹೀಗೆ ಹೊರಗುಳಿಯುತ್ತಿದ್ದರು. ಅವರಲ್ಲಿ ಪದವಿಗೆ ಇನ್ನೊಂದೇ ಸೆಮಿಸ್ಟರ್ ಬಾಕಿ ಇದ್ದವರೂ ಇದ್ದರು. ಕಚೇರಿಯ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇರಲಿಲ್ಲ: ಗಡುವು ಮುಗಿಯಿತು, ಹಣ ಬರಲಿಲ್ಲ. ಆ ಪಟ್ಟಿಯನ್ನು ಕೂತು ಓದುವ ಕೆಲಸ ಶುರುವಾದ ಮೇಲೆ ಈ ವಿಶ್ವವಿದ್ಯಾಲಯದ ಕಥೆಯೇ ಬದಲಾಯಿತು. ಈಗ ಅಮೆರಿಕದ ಉಳಿದ ವಿಶ್ವವಿದ್ಯಾಲಯಗಳವರು ಇಲ್ಲಿಗೆ ಬಂದು ನೋಡಿ ಕಲಿತು ಹೋಗುತ್ತಾರೆ.

ಇದು ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳ ಸಾಲಿನದಲ್ಲ. 1913ರಲ್ಲಿ ಜಾರ್ಜಿಯಾ ಟೆಕ್‌ನ ಸಂಜೆ ವಾಣಿಜ್ಯ ಶಾಲೆಯಾಗಿ, ಹಗಲು ದುಡಿದು ಸಂಜೆ ಓದುವವರಿಗೆಂದು ಹುಟ್ಟಿದ್ದು. ಕಪ್ಪು ವಿದ್ಯಾರ್ಥಿಗಳಿಗೆ ಇದರ ಬಾಗಿಲು ತೆರೆದದ್ದು 1962ರಲ್ಲಿ. ಅದಕ್ಕೂ ಮುಂಚೆ ಪ್ರವೇಶ ಕೇಳಿ ನ್ಯಾಯಾಲಯಕ್ಕೆ ಹೋದ ಕಪ್ಪು ಮಹಿಳೆಯರು 1959ರಲ್ಲಿ ಮೊಕದ್ದಮೆ ಗೆದ್ದರೂ ತರಗತಿಯೊಳಗೆ ಕಾಲಿಡಲಾಗಲಿಲ್ಲ. ಇಂದು ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಪದವಿ ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಡ ಕುಟುಂಬಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಪೆಲ್’ ನೆರವು ಪಡೆಯುವವರು.

ಅಮೆರಿಕದಲ್ಲಿ 1990ರ ಒಂದು ಕಾನೂನಿನ ಪ್ರಕಾರ ಕಾಲೇಜುಗಳು ತಮ್ಮ ಪದವಿ ಪ್ರಮಾಣವನ್ನು ಬಹಿರಂಗಪಡಿಸಲೇಬೇಕು. ಲೆಕ್ಕ ಸರಳ. ಒಂದು ವರ್ಷ ಹೊಸದಾಗಿ, ಪೂರ್ಣಾವಧಿಗೆ ಸೇರಿದ ನೂರು ಮಂದಿಯಲ್ಲಿ ಆರು ವರ್ಷಗಳೊಳಗೆ ಅಲ್ಲೇ ಪದವಿ ಪಡೆದವರೆಷ್ಟು? ನಾಲ್ಕು ವರ್ಷದ ಪದವಿಗೆ ಎರಡು ವರ್ಷ ಕೊಸರು. ಬೇರೆ ಕಾಲೇಜಿಗೆ ಹೋಗಿ ಪದವಿ ಪಡೆದವರು ಈ ಲೆಕ್ಕದಲ್ಲಿ ಮೂಲ ಕಾಲೇಜಿನ ಪಾಲಿಗೆ ನಷ್ಟವೇ; ಈ ಅಳತೆಯ ಮೇಲೆ ತಕರಾರುಗಳೂ ಇವೆ. ಆದರೂ ಅಳತೆ ಅಂತ ಒಂದಿದೆ. 2003ರಲ್ಲಿ ಜಾರ್ಜಿಯಾ ಸ್ಟೇಟ್‌ನ ಅಂಕಿ ಶೇ 32. ಅಂದರೆ ಮೂವರಲ್ಲಿ ಇಬ್ಬರು ಪದವಿಯಿಲ್ಲದೆ, ಅನೇಕರು ಸಾಲ ಹೊತ್ತು, ಮನೆಗೆ ಹೋಗುತ್ತಿದ್ದರು. ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳ ಪ್ರಮಾಣ ಇನ್ನೂ ಕೆಳಗಿತ್ತು.

‘ಅವರ ತಯಾರಿ ಸಾಲದು, ನಾವೇನು ಮಾಡೋಣ’ ಎನ್ನುವುದು ಎಲ್ಲ ಕಡೆ ಸಿಗುವ ಉತ್ತರ. ಧಾರ್ಮಿಕ ಅಧ್ಯಯನದ ಪ್ರಾಧ್ಯಾಪಕರಾಗಿದ್ದು ಆಡಳಿತಕ್ಕೆ ಬಂದ ಟಿಮ್ ರೆನಿಕ್ ಮತ್ತು ಅವರ ಜೊತೆಗಾರರು ಪ್ರಶ್ನೆಯನ್ನು ಕಚೇರಿಯ ಕಡೆಗೆ ತಿರುಗಿಸಿದರು. ನಮ್ಮ ಯಾವ ನಿಯಮ, ಯಾವ ಫಾರ್ಮು, ಯಾವ ಗಡುವು ಇವರನ್ನು ಹೊರಗಟ್ಟುತ್ತಿದೆ?

ಮೊದಲು ಸಿಕ್ಕಿದ್ದು ಆ ಫೀಸು ಬಾಕಿ ಪಟ್ಟಿ. 2011ರಿಂದ ಶುರುವಾದ ಪುಟ್ಟ ಅನುದಾನಕ್ಕೆ ವಿದ್ಯಾರ್ಥಿ ಅರ್ಜಿ ಹಾಕಬೇಕಿಲ್ಲ. ಪಟ್ಟಿಯಲ್ಲಿರುವವರ ಪೈಕಿ ಚೆನ್ನಾಗಿ ಓದುತ್ತಿರುವವರು, ಬೇರೆಲ್ಲ ನೆರವನ್ನೂ ಬಳಸಿ ಮುಗಿಸಿದವರು ಯಾರು ಎಂದು ಸಿಬ್ಬಂದಿ ಹುಡುಕುತ್ತಾರೆ. ಆಮೇಲೆ ಕಚೇರಿಯೇ ವಿದ್ಯಾರ್ಥಿಯನ್ನು ಸಂಪರ್ಕಿಸುತ್ತದೆ: ನಿಮ್ಮ ಬಾಕಿ ತುಂಬಿದ್ದೇವೆ, ತರಗತಿಗೆ ಬನ್ನಿ. ಹಣಕಾಸಿನ ಸಲಹೆಗಾರರನ್ನು ಭೇಟಿಯಾಗಬೇಕೆಂಬುದು ಷರತ್ತು. ಗರಿಷ್ಠ 2,500 ಡಾಲರ್. ಸರಾಸರಿ ಕೊಟ್ಟದ್ದು 900 ಡಾಲರ್ ಆಸುಪಾಸು. ಇದುವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಅನುದಾನ ಸಂದಿದೆ. ಇದು ಧರ್ಮಕಾರ್ಯವೂ ಅಲ್ಲ. ಮುನ್ನೂರು ಡಾಲರ್ ಸಿಗಲಿಲ್ಲವೆಂದು ಹುಡುಗನನ್ನು ಕಳಿಸಿದರೆ ಅವನು ಉಳಿದಿದ್ದರೆ ಬರುತ್ತಿದ್ದ ಸಾವಿರಾರು ಡಾಲರ್ ಫೀಸೂ ಅವನ ಜೊತೆ ಹೋಗುತ್ತದೆ. ಈ ಲೆಕ್ಕ ಯಾವ ಶೆಟ್ಟರ ಅಂಗಡಿಯಲ್ಲಾದರೂ ಅರ್ಧ ನಿಮಿಷದಲ್ಲಿ ಹೊಳೆಯುತ್ತಿತ್ತು!

ಎರಡನೆಯ ಕೆಲಸ ಅಂಕಪಟ್ಟಿಗಳದ್ದು. ಹತ್ತು ವರ್ಷಗಳ ಸುಮಾರು 25 ಲಕ್ಷ ಗ್ರೇಡ್‌ಗಳನ್ನು ಕಂಪ್ಯೂಟರಿಗೆ ಉಣಿಸಿ, ಓದು ಬಿಟ್ಟವರು ಎಲ್ಲಿ ಎಡವಿದ್ದರೆಂದು ಹುಡುಕಿದರು. ಸುಮಾರು 800 ಅಪಾಯದ ಸೂಚನೆಗಳು ಸಿಕ್ಕವು. ನರ್ಸಿಂಗ್ ಸೇರಬಯಸುವವರ ಭವಿಷ್ಯವನ್ನು ನರ್ಸಿಂಗ್‌ನ ಪರಿಚಯ ಪಾಠಕ್ಕಿಂತ ಮೊದಲ ವರ್ಷದ ಗಣಿತದ ಗ್ರೇಡೇ ಚೆನ್ನಾಗಿ ಹೇಳುತ್ತಿತ್ತು. ತಾನು ಆರಿಸಿಕೊಂಡ ಮುಖ್ಯ ವಿಷಯದ ಮೊದಲ ಪಾಠದಲ್ಲಿ ‘ಸಿ’ ಬಂದರೆ ವಿದ್ಯಾರ್ಥಿ ‘ಪಾಸಾದೆ’ ಎಂದು ನಿಟ್ಟುಸಿರು ಬಿಡುತ್ತಾನೆ; ಹಳೆಯ ದಾಖಲೆಗಳು ಅದನ್ನೇ ಅಪಾಯದ ಗಂಟೆ ಎನ್ನುತ್ತವೆ. 2012ರಿಂದ ಈ ವ್ಯವಸ್ಥೆ ಪ್ರತಿ ರಾತ್ರಿ ಎಲ್ಲರ ದಾಖಲೆಗಳ ಮೇಲೆ ಕಣ್ಣಾಡಿಸುತ್ತದೆ. ತಪ್ಪು ಕೋರ್ಸಿಗೆ ಹೆಸರು ಕೊಟ್ಟರೂ, ಗ್ರೇಡ್ ಇಳಿದರೂ ಸಲಹೆಗಾರರಿಗೆ ಸುದ್ದಿ ಹೋಗುತ್ತದೆ, ಅವರು ವಿದ್ಯಾರ್ಥಿಯನ್ನು ಕರೆಸುತ್ತಾರೆ. ಇಲ್ಲಿ ಕಂಪ್ಯೂಟರಿನ ಪಾಲು ಎಚ್ಚರಿಕೆ ಕೊಡುವುದಷ್ಟೇ. ಸಲಹೆಗಾರರೊಬ್ಬರಿಗೆ 700ಕ್ಕೂ ಮೀರಿದ್ದ ವಿದ್ಯಾರ್ಥಿಗಳ ಸಂಖ್ಯೆಯನ್ನು 300ರ ಹತ್ತಿರಕ್ಕೆ ಇಳಿಸಲು ನಲವತ್ತಕ್ಕೂ ಹೆಚ್ಚು ಸಲಹೆಗಾರರನ್ನು ಹೊಸದಾಗಿ ನೇಮಿಸಿಕೊಂಡರು. ತಂತ್ರಜ್ಞಾನದ ಕಥೆಯನ್ನು ಹೇಳಿಕೊಂಡು ತಿರುಗುವವರು ಈ ನೇಮಕಾತಿಯ ಮಾತನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಇನ್ನೊಂದು ಸೋರಿಕೆ ತರಗತಿ ಶುರುವಾಗುವ ಮೊದಲೇ ಆಗುತ್ತಿತ್ತು. ಸೀಟು ಒಪ್ಪಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಲ್ಲೊಬ್ಬರು ಬರುತ್ತಲೇ ಇರಲಿಲ್ಲ. ನೆರವಿನ ಫಾರ್ಮು, ಲಸಿಕೆಯ ದಾಖಲೆ, ಪ್ರವೇಶದ ನೂರೆಂಟು ಕಾಗದ. ಮನೆಯಲ್ಲಿ ಮೊದಲು ಕಾಲೇಜಿಗೆ ಹೊರಟವರಿಗೆ ಇದನ್ನೆಲ್ಲ ಹೇಳಿಕೊಡುವವರಿಲ್ಲ. 2016ರಲ್ಲಿ ಮೊಬೈಲ್ ಸಂದೇಶಕ್ಕೆ ಕ್ಷಣದಲ್ಲಿ ಉತ್ತರ ಕೊಡುವ ‘ಪೌನ್ಸ್’ ಎಂಬ ಚಾಟ್‌ಬಾಟ್ ಬಂತು. ಆ ಒಂದೇ ಬೇಸಿಗೆಯಲ್ಲಿ ಅದು ಎರಡು ಲಕ್ಷದಷ್ಟು ಪ್ರಶ್ನೆಗಳಿಗೆ ಉತ್ತರಿಸಿತು. ಸೋರಿಕೆ ಐದನೇ ಒಂದು ಪಾಲಿನಷ್ಟು ತಗ್ಗಿತು. ಮನುಷ್ಯರನ್ನು ಕೇಳಲು ನಾಚುವ ಪ್ರಶ್ನೆಗಳನ್ನು ಹುಡುಗರು ಯಂತ್ರಕ್ಕೆ ಅಳುಕಿಲ್ಲದೆ ಕೇಳುತ್ತಾರೆ.

ಫಲ? ಪದವಿ ಪ್ರಮಾಣ ಹತ್ತು ಹನ್ನೆರಡು ವರ್ಷಗಳಲ್ಲಿ ಶೇ 54ರ ಸುತ್ತಮುತ್ತ ಬಂತು. ಕಪ್ಪು, ಲ್ಯಾಟಿನೊ ಮತ್ತು ಬಿಳಿಯ ವಿದ್ಯಾರ್ಥಿಗಳ ನಡುವಿನ ಅಂತರ ಅಳಿಸಿಹೋಯಿತು. ಈ ಎರಡನೆಯದೇ ದೊಡ್ಡ ಸಾಧನೆ ಎಂದು ನನ್ನ ಎಣಿಕೆ. ಹಾಗೆಂದು ಎಲ್ಲವೂ ಗೆದ್ದಂತಲ್ಲ, ನೂರರಲ್ಲಿ ನಲವತ್ತೈದರಷ್ಟು ಮಂದಿ ಆರು ವರ್ಷಕ್ಕೂ ಅಲ್ಲಿ ಪದವಿ ಪಡೆಯುತ್ತಿರಲಿಲ್ಲ. ಕಷ್ಟದ ವಿಷಯ ಬಯಸಿ ಬಂದವರನ್ನು ‘ನಿನಗಾಗದು’ ಎಂದು ಸುಲಭದ ದಾರಿಗೆ ತಿರುಗಿಸಲು ಈ ಎಚ್ಚರಿಕೆಗಳೇ ನೆಪವಾದಾವು ಎಂಬ ಆತಂಕವೂ ಸುಳ್ಳಲ್ಲ. ಅದೇ ಎಚ್ಚರಿಕೆ ಬಂದಾಗ ಗಣಿತದ ಟ್ಯೂಷನ್ ಕೊಡಿಸಬಹುದು, ಕೋರ್ಸ್ ಬದಲಿಸೆಂದೂ ಹೇಳಬಹುದು. ಅದು ಸಲಹೆಗಾರರ ಮನಸ್ಸಿಗೆ ಬಿಟ್ಟದ್ದು.

ನಮ್ಮಲ್ಲಿ ಸೇರಿದವರ ಲೆಕ್ಕ ಧಾರಾಳವಾಗಿ ಸಿಗುತ್ತದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯಂತೆ ದೇಶದಲ್ಲಿ ದಾಖಲಾದವರು 4.33 ಕೋಟಿ, ಕಾಲೇಜು ವಯಸ್ಸಿನ ನೂರು ಮಂದಿಗೆ ದಾಖಲಾದವರ ಅನುಪಾತ ದೇಶದ್ದು 28.4, ಕರ್ನಾಟಕದ್ದು 36.2. ಹೆಮ್ಮೆಪಡಬೇಕಾದ್ದೇ. ಆದರೆ ಕಾಲೇಜಿನ ಫ್ಲೆಕ್ಸಿನಲ್ಲಿ ಮಿಂಚುವ ‘ಶೇ 95 ಫಲಿತಾಂಶ’ ಸಾಮಾನ್ಯವಾಗಿ ಕೊನೆಯ ವರ್ಷದ ಪರೀಕ್ಷೆಗೆ ಕೂತವರದ್ದು. ಮೊದಲ ವರ್ಷವೇ ಬ್ಯಾಕ್‌ಲಾಗ್ ಹೊತ್ತು ಗಾರೆ ಕೆಲಸಕ್ಕೆ ಹೋದವನು, ಮದುವೆ ಮಾಡಿ ಕಳಿಸಿದ ಹುಡುಗಿ ಆ ಶೇಕಡಾವಾರಿನಲ್ಲಿ ಇಲ್ಲ.

ಮಕ್ಕಳಿಗೆ ಸೀಟು ಹುಡುಕುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಮೊದಲ ವರ್ಷಕ್ಕೆ ಸೇರಿದವರೆಷ್ಟು, ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರೆಷ್ಟು ಎಂದು ಬರೆದುಕೊಟ್ಟು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಫೀಸು, ಹಾಸ್ಟೆಲ್ ವಿಚಾರಿಸುವ ಮೊದಲು ಆ ಎರಡು ಅಂಕಿಗಳನ್ನು ತೆಗೆದು ನೋಡಿ. ಅಲ್ಲಿ ಇಲ್ಲದಿದ್ದರೆ ಪ್ರಾಂಶುಪಾಲರನ್ನೇ ಕೇಳಿ.