ಟಿಕೆಟ್ ಕೊಡೋದು ಯಾರು? ಅಮೆರಿಕದ ಪ್ರೈಮರಿ, ಮಂಗಳೂರಿನ ಪ್ರಯೋಗ, ಗೂಡಲೂರಿನ ಪಾಠ

ಚುನಾವಣೆ ಹತ್ತಿರ ಬಂತೆಂದರೆ ಉಳ್ಳಾಲದಿಂದ ತೊರಪಳ್ಳಿವರೆಗೆ ಅಂಗಡಿ, ಹೋಟೆಲುಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಈ ಸಲ ಟಿಕೆಟ್ ಯಾರಿಗೆ?" ಆದರೆ ಆ ಟಿಕೆಟ್ ಕೊಡೋದು ಯಾರು, ಯಾವ ಲೆಕ್ಕದಲ್ಲಿ ಕೊಡ್ತಾರೆ ಎಂದು ಕೇಳುವವರು ಕಡಿಮೆ. ಮತದಾನದ ದಿನ ನಮ್ಮ ಮುಂದೆ ಇರುವ ಹೆಸರುಗಳನ್ನು ಅಷ್ಟರಲ್ಲಾಗಲೇ ಬೇರೆ ಯಾರೋ ಆರಿಸಿ ಆಗಿರುತ್ತದೆ. ನಾವು ಆರಿಸುವುದು ಅದರಲ್ಲಿ ಒಂದನ್ನು.

ಅಮೆರಿಕದಲ್ಲಿ ಈ ಮೊದಲ ಆಯ್ಕೆಯೂ ಬಹುಮಟ್ಟಿಗೆ ಜನರ ಕೈಯಲ್ಲಿದೆ. ಅದೇ ಪದ್ಧತಿಯನ್ನು ಒಮ್ಮೆ ನಮ್ಮ ದಕ್ಷಿಣ ಕನ್ನಡದಲ್ಲೂ ಪ್ರಯೋಗ ಮಾಡಲಾಗಿತ್ತು ಎಂಬುದು ಇಂದಿನ ಯುವಕರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಅಮೆರಿಕದಲ್ಲಿ ಹೇಗೆ?

ಅಲ್ಲಿ ಅಧ್ಯಕ್ಷ ಚುನಾವಣೆ ನಡೆಯುವುದು ನವೆಂಬರ್‌ನಲ್ಲಿ. ಆದರೆ ಅದೇ ವರ್ಷದ ಜನವರಿ, ಫೆಬ್ರವರಿಯಿಂದಲೇ ಪಕ್ಷದೊಳಗಿನ ಚುನಾವಣೆ ಶುರುವಾಗುತ್ತದೆ. ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳಲ್ಲಿ ಅಭ್ಯರ್ಥಿಯಾಗಲು ಬಯಸುವವರು ರಾಜ್ಯದಿಂದ ರಾಜ್ಯಕ್ಕೆ ಹೋಗಿ ತಮ್ಮದೇ ಪಕ್ಷದವರ ವಿರುದ್ಧ ಸ್ಪರ್ಧಿಸಬೇಕು.

ಇದು ಎರಡು ಬಗೆಯಲ್ಲಿ ನಡೆಯುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಪ್ರೈಮರಿ. ಮತಗಟ್ಟೆಗೆ ಹೋಗಿ ಗುಪ್ತವಾಗಿ ಮತ ಹಾಕುವುದು. ಸಾಮಾನ್ಯವಾಗಿ ಇದನ್ನು ನಡೆಸುವುದು ರಾಜ್ಯ ಸರಕಾರ. ಕೆಲವು ರಾಜ್ಯಗಳಲ್ಲಿ ಕಾಕಸ್. ಇದನ್ನು ಪಕ್ಷವೇ ನಡೆಸುತ್ತದೆ. ಊರಿನ ಪಕ್ಷದವರು ಒಂದು ಕಡೆ ಸೇರಿ, ಮಾತಾಡಿ, ತೀರ್ಮಾನಿಸುತ್ತಾರೆ. ನಮ್ಮ ಜಮಾಅತ್‌ನ ಮಹಾಸಭೆಯನ್ನು ನೆನೆಸಿಕೊಂಡರೆ ಕಾಕಸ್ ಅರ್ಥವಾಗುತ್ತದೆ. ಯಾರು ಮತ ಹಾಕಬಹುದು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ಆ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಅವಕಾಶ. ಇನ್ನು ಕೆಲವು ಕಡೆ ಯಾವ ಮತದಾರನೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು.

ಇಲ್ಲಿ ಮತ ಹಾಕಿದರೆ ಅಭ್ಯರ್ಥಿ ನೇರವಾಗಿ ಆಯ್ಕೆ ಆಗುವುದಿಲ್ಲ. ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಸಿಕ್ಕ ಮತದ ಪ್ರಮಾಣದಲ್ಲಿ ಹಂಚಿಕೆ. ಆದರೆ ಕನಿಷ್ಠ ಶೇ. 15 ಮತ ಸಿಗದವರಿಗೆ ಏನೂ ಇಲ್ಲ. ರಿಪಬ್ಲಿಕನ್ ಪಕ್ಷದಲ್ಲಿ ಕೆಲವು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಎಲ್ಲ ಡೆಲಿಗೇಟ್‌ಗಳು. 2024ರಲ್ಲಿ ರಿಪಬ್ಲಿಕನ್ ಪಕ್ಷದ ಒಟ್ಟು ಡೆಲಿಗೇಟ್‌ಗಳು 2,429. ಗೆಲ್ಲಲು 1,215 ಬೇಕಿತ್ತು. ಬೇಸಿಗೆಯಲ್ಲಿ ನಡೆಯುವ ರಾಷ್ಟ್ರೀಯ ಸಮಾವೇಶದಲ್ಲಿ ಇವರು ಮತ ಹಾಕಿ ಅಭ್ಯರ್ಥಿಯನ್ನು ಅಧಿಕೃತಗೊಳಿಸುತ್ತಾರೆ.

ಹಿಂದೆ ಅಲ್ಲೂ ನಾಯಕರದ್ದೇ ಕಾರುಬಾರು

ಅಮೆರಿಕದವರು ಮೊದಲಿನಿಂದಲೂ ಹೀಗೇ ಇದ್ದರು ಎಂದುಕೊಳ್ಳಬಾರದು. 1968ರಲ್ಲಿ ಡೆಮಾಕ್ರಟಿಕ್ ಪಕ್ಷ ಹ್ಯೂಬರ್ಟ್ ಹಂಫ್ರಿಯನ್ನು ಅಭ್ಯರ್ಥಿ ಮಾಡಿತು. ಅವರು ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. ಪಕ್ಷದ ದೊಡ್ಡವರು ಒಪ್ಪಿದರು, ಮುಗೀತು. ಆಗ ವಿಯೆಟ್ನಾಂ ಯುದ್ಧದ ವಿರುದ್ಧ ಯುವಕರು ಬೀದಿಗಿಳಿದ ಕಾಲ. ಶಿಕಾಗೋ ಸಮಾವೇಶದ ಹೊರಗೆ ಪೊಲೀಸರು ಲಾಠಿ ಬೀಸಿದರು. ಹಂಫ್ರಿ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಎದುರು ಸೋತರು. ಆಮೇಲೆ ಪಕ್ಷ ಒಂದು ಆಯೋಗ ಮಾಡಿ ನಿಯಮ ಬದಲಿಸಿತು. 1972ರಿಂದ ಪ್ರೈಮರಿಗಳೇ ಮುಖ್ಯವಾದವು. ಅಂದರೆ ಈ ಹಕ್ಕನ್ನು ನಾಯಕರು ತಾವಾಗಿ ಕೊಟ್ಟದ್ದಲ್ಲ, ಕಾರ್ಯಕರ್ತರು ಜಗಳ ಮಾಡಿ ಪಡೆದದ್ದು.

ಈಗಲೂ ಪದ್ಧತಿ ಪೂರ್ತಿ ಸರಿಯಿದೆ ಎಂದಲ್ಲ. ಪ್ರೈಮರಿಗೆ ಕೋಟಿ ಕೋಟಿ ಡಾಲರ್ ಖರ್ಚಾಗುತ್ತದೆ. 2024ರಲ್ಲಿ ಜೋ ಬೈಡನ್ ಪ್ರೈಮರಿ ಗೆದ್ದು, ಜುಲೈ 21ರಂದು ಹಿಂದೆ ಸರಿದರು. ಪ್ರೈಮರಿಯಲ್ಲಿ ನಿಲ್ಲದೇ ಇದ್ದ ಕಮಲಾ ಹ್ಯಾರಿಸ್ ಅವರನ್ನು ಡೆಲಿಗೇಟ್‌ಗಳು ಅಭ್ಯರ್ಥಿ ಮಾಡಿದರು.

ಸಣ್ಣ ಸಮುದಾಯಕ್ಕೆ ಇದರಿಂದ ಏನು ಲಾಭ?

ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಸುತ್ತಮುತ್ತ ಅರಬ್ ಮೂಲದವರು, ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗಾಝಾ ವಿಷಯದಲ್ಲಿ ಬೈಡನ್ ನೀತಿಯ ಬಗ್ಗೆ ಅವರಿಗೆ ಸಿಟ್ಟಿತ್ತು. 2024ರ ಫೆಬ್ರವರಿ 27ರ ಪ್ರೈಮರಿಯಲ್ಲಿ ಅವರು ಮನೆಯಲ್ಲಿ ಕೂರಲಿಲ್ಲ. ಮತಪತ್ರದಲ್ಲಿ "ಯಾರಿಗೂ ಬದ್ಧರಲ್ಲ" ಎಂಬ ಆಯ್ಕೆಗೆ ಮತ ಹಾಕಿ ಎಂದು ಮನೆ ಮನೆಗೆ ಹೇಳಿದರು. 1 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಸುಮಾರು ಶೇ. 13. ಸಿಕ್ಕಿದ್ದು 2 ಡೆಲಿಗೇಟ್‌ಗಳು ಮಾತ್ರ, ನೀತಿಯೂ ಬದಲಾಗಲಿಲ್ಲ. ಆದರೆ ತಮ್ಮ ಸಿಟ್ಟು ಎಷ್ಟು ಎಂಬುದನ್ನು ಅವರು ಇಡೀ ದೇಶಕ್ಕೆ ಅಂಕಿಯಲ್ಲಿ ತೋರಿಸಿದರು.

ಇನ್ನೊಂದು ಉದಾಹರಣೆ ಅಧ್ಯಕ್ಷ ಸ್ಥಾನದ್ದಲ್ಲ, ಆದರೆ ಪದ್ಧತಿ ಅದೇ. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿ ನಡೆಯಿತು. 33 ವರ್ಷದ ಝೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆಂಡ್ರ್ಯೂ ಕುಮೊ ಅವರನ್ನು ಸೋಲಿಸಿದರು. ಪಕ್ಷದ ದೊಡ್ಡ ನಾಯಕರಲ್ಲಿ ಅನೇಕರು ಕುಮೊ ಜೊತೆಗಿದ್ದರು. ಟಿಕೆಟ್ ಅವರ ಕೈಯಲ್ಲಿದ್ದಿದ್ದರೆ ಮಮ್ದಾನಿಗೆ ಸಿಗುವುದು ಕಷ್ಟವಿತ್ತು. ನವೆಂಬರ್‌ನಲ್ಲಿ ಅವರು ಮೇಯರ್ ಚುನಾವಣೆಯನ್ನೂ ಗೆದ್ದರು.

ಮಂಗಳೂರಿನಲ್ಲಿ ನಡೆದ ಪ್ರೈಮರಿ

2014ರ ಲೋಕಸಭಾ ಚುನಾವಣೆಗೆ ಮುಂಚೆ ರಾಹುಲ್ ಗಾಂಧಿ ದೇಶದ ಸುಮಾರು 15 ಕ್ಷೇತ್ರಗಳಲ್ಲಿ ಇಂಥ ಪ್ರಯೋಗಕ್ಕೆ ಮುಂದಾದರು. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಇಲ್ಲಿ ಹಿರಿಯ ನಾಯಕ ಬಿ. ಜನಾರ್ದನ ಪೂಜಾರಿ ಮತ್ತು ವೀರಪ್ಪ ಮೊಯ್ಲಿ ಅವರ ಮಗ ಹರ್ಷ ಮೊಯ್ಲಿ ಕಣದಲ್ಲಿದ್ದರು. ಪೂಜಾರಿ ಗೆದ್ದರು. ಕೇಂದ್ರ ಸಚಿವರ ಮಗ ಪಕ್ಷದೊಳಗಿನ ಮತದಾನದಲ್ಲಿ ಸೋತದ್ದು ಆಗಿನ ಕಾಲಕ್ಕೆ ಸಣ್ಣ ಸುದ್ದಿಯೇನಲ್ಲ.

ಆದರೆ ಮತ ಹಾಕಿದ್ದು ಸಾಮಾನ್ಯ ಮತದಾರರಲ್ಲ. ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳಿಗೆ ಮಾತ್ರ ಆ ಹಕ್ಕಿತ್ತು. ಬಂದರಿನ ವ್ಯಾಪಾರಿಗೂ ಬಂಟ್ವಾಳದ ಬೀಡಿ ಕಾರ್ಮಿಕರಿಗೂ ಅಲ್ಲಿ ಜಾಗ ಇರಲಿಲ್ಲ. ಚುನಾವಣೆಯಲ್ಲಿ ಪೂಜಾರಿ ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಎದುರು 1,43,709 ಮತಗಳಿಂದ ಸೋತರು. ಬೆಂಗಳೂರು ಉತ್ತರದಲ್ಲಿ ಪ್ರೈಮರಿ ಗೆದ್ದ ಸಿ. ನಾರಾಯಣಸ್ವಾಮಿ ಕೂಡ ಸೋತರು. ವಡೋದರಾದಲ್ಲಂತೂ ಪ್ರೈಮರಿ ಗೆದ್ದವರು ಹಿಂದೆ ಸರಿದು, ಮೋದಿ ಎದುರು ಮಧುಸೂದನ್ ಮಿಸ್ತ್ರಿ ನಿಂತರು. ಪ್ರಯೋಗ ಅಲ್ಲಿಗೇ ನಿಂತಿತು. 2019ರಲ್ಲಿ ಮಿಥುನ್ ರೈ, 2024ರಲ್ಲಿ ಪದ್ಮರಾಜ್ ಆರ್. ಅವರ ಹೆಸರು ಹಳೆಯ ರೀತಿಯಲ್ಲೇ ದಿಲ್ಲಿಯಿಂದ ಬಂತು.

1991ರಿಂದ ಬಿಜೆಪಿ ಕೈಯಲ್ಲಿರುವ ಕ್ಷೇತ್ರದಲ್ಲಿ ಸೋತದ್ದಕ್ಕೆ ಪ್ರೈಮರಿಯನ್ನು ದೂರುವುದು ನ್ಯಾಯವಲ್ಲ. ಪ್ರೈಮರಿ ಇಲ್ಲದ ವರ್ಷಗಳಲ್ಲೂ ಫಲಿತಾಂಶ ಅದೇ ತಾನೆ?

ಬಿ ಫಾರಂ ಎಂಬ ಕಾಗದ

ನಮ್ಮ ದೇಶದಲ್ಲಿ ಅಭ್ಯರ್ಥಿಯನ್ನು ಪಕ್ಷ ಹೀಗೆಯೇ ಆರಿಸಬೇಕು ಎಂಬ ಕಾನೂನು ಇಲ್ಲ. ಕಾನೂನು ನೋಡುವುದು ಬಿ ಫಾರಂ ಯಾರ ಹೆಸರಲ್ಲಿದೆ ಎಂದು ಮಾತ್ರ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. ಹಾಗಾಗಿ ಆ 3 ಗಂಟೆವರೆಗೂ ಏನು ಬೇಕಾದರೂ ಆಗಬಹುದು.

2023ರ ವಿಧಾನಸಭಾ ಚುನಾವಣೆಗೆ ರಾಜ್ಯ ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿ ಕರೆದಿತ್ತು. ಅರ್ಜಿಗೆ 5,000 ರೂ., ಅದರ ಜೊತೆ ಸಾಮಾನ್ಯ ವರ್ಗದವರಿಗೆ 2 ಲಕ್ಷ, ಪರಿಶಿಷ್ಟರಿಗೆ 1 ಲಕ್ಷ ರೂ. ಅರ್ಜಿ ಹಾಕಿದವರಲ್ಲಿ ಯಾರು ಎಂದು ತೀರ್ಮಾನಿಸಿದ್ದು ದಿಲ್ಲಿಯ ಸಮಿತಿ. ಮಂಗಳೂರು ನಗರ ಉತ್ತರದಲ್ಲಿ ಆದದ್ದು ನೆನಪಿರಬಹುದು. ಹೆಸರು ಕೊನೆಯ ಹಂತದವರೆಗೆ ಎಳೆಯಿತು. ಇನಾಯತ್ ಅಲಿಗೆ ಟಿಕೆಟ್ ಸಿಕ್ಕಿತು, ಮಾಜಿ ಶಾಸಕ ಮೊಯ್ದಿನ್ ಬಾವಾ ಜೆಡಿಎಸ್‌ನಿಂದ ನಿಂತರು, ಬಿಜೆಪಿಯ ಭರತ್ ಶೆಟ್ಟಿ ಗೆದ್ದರು. ಇಬ್ಬರಲ್ಲಿ ಯಾರು ಸರಿ ಎಂಬ ಚರ್ಚೆ ಬೇಡ. ತಿಂಗಳ ಮುಂಚೆ ಕಾರ್ಯಕರ್ತರೇ ಮತ ಹಾಕಿ ತೀರ್ಮಾನಿಸಿದ್ದರೆ ಸೋತವರಿಗೂ ಒಂದು ಲೆಕ್ಕ ಸಿಗುತ್ತಿತ್ತು.

ತೊರಪಳ್ಳಿಯ ಮತದಾರನ ಕಷ್ಟ

ಗೂಡಲೂರಿನಿಂದ ಮೈಸೂರು ರಸ್ತೆಯಲ್ಲಿ ಮುದುಮಲೈ ಕಾಡು ಶುರುವಾಗುವ ಅಂಚಿನಲ್ಲಿ ತೊರಪಳ್ಳಿ ಇದೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರ ದಾರಿ ಬಂದ್. ಆನೆ ಕಾಟ, ಜನ್ಮಂ ಜಮೀನಿನ ಹಕ್ಕುಪತ್ರದ ಗೋಳು ಇಲ್ಲಿನ ನಿತ್ಯದ ಮಾತು. ಗೂಡಲೂರು ವಿಧಾನಸಭಾ ಕ್ಷೇತ್ರ, ನೀಲಗಿರಿ ಲೋಕಸಭಾ ಕ್ಷೇತ್ರ ಎರಡೂ ಪರಿಶಿಷ್ಟ ಜಾತಿಗೆ ಮೀಸಲು. ಆ ಮೀಸಲಾತಿ ನ್ಯಾಯವಾದದ್ದೇ. ಆದರೆ ಇಲ್ಲಿನ ಮುಸ್ಲಿಮರು ಅಭ್ಯರ್ಥಿ ಆಗುವ ಮಾತೇ ಇಲ್ಲದಿರುವಾಗ, ಬರುವ ಅಭ್ಯರ್ಥಿಗೆ ಈ ಊರಿನ ಕಷ್ಟ ಗೊತ್ತಿರಬೇಕು ಎಂದು ಹೇಳುವ ಜಾಗವಾದರೂ ಬೇಕಲ್ಲ? ಆ ಜಾಗವೂ ಇಲ್ಲ. ಡಿಎಂಕೆಯಲ್ಲಿ ಆಕಾಂಕ್ಷಿಗಳು ಶುಲ್ಕ ಕಟ್ಟಿ ಅರ್ಜಿ ಹಾಕಿ, ಚೆನ್ನೈನ ಅಣ್ಣಾ ಅರಿವಾಲಯದಲ್ಲಿ ಸಂದರ್ಶನಕ್ಕೆ ಕೂರುತ್ತಾರೆ. ಎಐಎಡಿಎಂಕೆಯಲ್ಲೂ ಅರ್ಜಿ, ಸಂದರ್ಶನ. ತೀರ್ಮಾನ ನಾಯಕರದ್ದು. 2021ರಲ್ಲಿ ಗೂಡಲೂರಿನ ಗೆಲುವಿನ ಅಂತರ ಬರೀ 1,945 ಮತ. ಇಷ್ಟು ಸಣ್ಣ ಅಂತರದ ಕಡೆ ಅಭ್ಯರ್ಥಿ ಯಾರು ಎಂಬುದೇ ಫಲಿತಾಂಶ ತಿರುಗಿಸಬಹುದು.

ಯುವಕರು ಏನು ಮಾಡಬಹುದು?

ಪ್ರೈಮರಿ ನಾಳೆಯೇ ಬರುವುದಿಲ್ಲ. ಆದರೆ ಪಕ್ಷದೊಳಗಿನ ಮತಕ್ಕೆ ಬೆಲೆ ಇಲ್ಲ ಎನ್ನುವಂತೆಯೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದು ಮಲ್ಲಿಕಾರ್ಜುನ ಖರ್ಗೆ 7,897, ಶಶಿ ತರೂರ್ 1,072 ಮತ ಪಡೆದರು. ಯುವ ಕಾಂಗ್ರೆಸ್‌ನಲ್ಲಿ ಸದಸ್ಯರೇ ಮತ ಹಾಕಿ ಪದಾಧಿಕಾರಿಗಳನ್ನು ಆರಿಸುವ ಕ್ರಮ ಇದೆ. ಈ ಮತಗಳೆಲ್ಲ ಸದಸ್ಯತ್ವ ಇದ್ದವರದ್ದು. ಹೊರಗೆ ನಿಂತು "ನಮ್ಮವರಿಗೆ ಟಿಕೆಟ್ ಕೊಡಲಿಲ್ಲ" ಎಂದು ವಾಟ್ಸಾಪ್‌ನಲ್ಲಿ ಬೈಯುವವರ ಲೆಕ್ಕ ಅದರಲ್ಲಿ ಬರುವುದಿಲ್ಲ.

ಯಾವ ಪಕ್ಷ ಎಂಬುದು ಅವರವರ ಇಷ್ಟ. ಸದಸ್ಯರಾಗಿ, ಬೂತ್ ಸಮಿತಿಯಲ್ಲಿ ಹೆಸರು ಹಾಕಿಸಿ, ಮತದಾರರ ಪಟ್ಟಿ ಕೈಯಲ್ಲಿ ಇಟ್ಟುಕೊಂಡು ಕೆಲಸ ಮಾಡುವವರ ಮಾತನ್ನು ವೀಕ್ಷಕರು ಬಂದಾಗ ಕೇಳಲೇಬೇಕಾಗುತ್ತದೆ. ಟಿಕೆಟ್ ಹಂಚುವ ಆರು ತಿಂಗಳ ಮುಂಚೆಯೇ ಊರಿನವರು ಕೂತು ನಾಲ್ಕು ಬೇಡಿಕೆ ಬರೆದು, ಎಲ್ಲ ಪಕ್ಷದ ಆಕಾಂಕ್ಷಿಗಳ ಮುಂದೆ ಇಡಬಹುದು. ತೊರಪಳ್ಳಿಯಲ್ಲಿ ಆ ಪಟ್ಟಿಯ ಮೊದಲ ಸಾಲು ಹಕ್ಕುಪತ್ರ ಆಗಬಹುದು, ಉಳ್ಳಾಲದಲ್ಲಿ ಕಡಲ್ಕೊರೆತ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.