ಇಂಗ್ಲೆಂಡಿನ ಮನೆ, ಹಾಸನದ ಪಾಲು: ತಂಗಿ ತುಂಬಬೇಕಿದ್ದ ಒಂದು ಫಾರ್ಮು

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ತಂಗಿ ವಾಟ್ಸಾಪ್ ಕಾಲ್ ಮಾಡಿದಳು. ಅವಳೂ ಅವಳ ಗಂಡನೂ ಇಂಗ್ಲೆಂಡಿನ ರೀಡಿಂಗ್‌ಗೆ ಹೋಗಿ ಮೂರು ವರ್ಷ ಆಯ್ತು. ಬಾಡಿಗೆ ಕಟ್ಟಿ ಸಾಕಾಗಿ ಈಗ ಮನೆ ಕೊಳ್ಳೋಕೆ ಹೊರಟಿದ್ದಾರೆ. "ಅಣ್ಣಾ, ಹಾಸನದ ಮನೆಯಲ್ಲಿ ನನ್ನ ಪಾಲು ಅಂತ ಏನಾದರೂ ಇದೆಯಾ?" ಅಂದಳು.

ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ನಮ್ಮ ಕಡೆ ಅಣ್ಣ-ತಂಗಿ ನಡುವೆ ಈ ಪ್ರಶ್ನೆ ಬಂತು ಅಂದರೆ ಮುಂದಿನದು ವಕೀಲರ ನೋಟಿಸು ಅಂತಲೇ ಲೆಕ್ಕ. ಆದರೆ ಕೇಳಿದ್ದು ಅವಳಲ್ಲ, ಅಲ್ಲಿನ ಸಾಲಿಸಿಟರ್ ಕಳಿಸಿದ ಫಾರ್ಮು. ಪ್ರಪಂಚದ ಯಾವ ಮೂಲೆಯಲ್ಲಾದರೂ ನಿಮ್ಮ ಹೆಸರಿಗೆ ಮನೆ ಅಥವಾ ಮನೆಯ ಪಾಲು ಇದೆಯಾ, ಹಿಂದೆ ಇತ್ತಾ, ಪಿತ್ರಾರ್ಜಿತವಾಗಿ ಬಂದಿದ್ದೂ ಸೇರಿಸಿ ಹೇಳಿ ಅಂತ ಅದರಲ್ಲಿ ಕೇಳಿದ್ದರು.

ಇಂಗ್ಲೆಂಡಿನ ಮನೆಗೂ ಹಾಸನದ ಮನೆಗೂ ಏನು ಸಂಬಂಧ? ತೆರಿಗೆಯ ಸಂಬಂಧ.

ಇಂಗ್ಲೆಂಡಿನಲ್ಲಿ ಮನೆ ಕೊಂಡವರು ಸರ್ಕಾರಕ್ಕೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. 2025ರ ಏಪ್ರಿಲ್ 1ರಿಂದ ಇರುವ ದರ ಹೀಗಿದೆ: ಬೆಲೆಯ ಮೊದಲ 1.25 ಲಕ್ಷ ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2.5 ಲಕ್ಷದವರೆಗಿನ ಭಾಗಕ್ಕೆ ಶೇ 2, ಅದರ ಮೇಲೆ 9.25 ಲಕ್ಷದವರೆಗೆ ಶೇ 5. ಮೊದಲ ಸಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ. ಮನೆಯ ಬೆಲೆ 5 ಲಕ್ಷ ಪೌಂಡ್ ಮೀರದಿದ್ದರೆ, ಮೊದಲ 3 ಲಕ್ಷಕ್ಕೆ ಅವರು ಏನೂ ಕಟ್ಟಬೇಕಿಲ್ಲ. ಇನ್ನೊಂದು ಕಡೆ, ಈಗಾಗಲೇ ಬೇರೆ ಮನೆ ಇದ್ದು ಇದು ಹೆಚ್ಚುವರಿ ಮನೆ ಅಂತಾದರೆ, ಪೂರ್ತಿ ಬೆಲೆಯ ಮೇಲೆ ಶೇ 5 ಸೇರಿಸಿ ಕಟ್ಟಬೇಕು. 2024ರ ಅಕ್ಟೋಬರ್ 31ಕ್ಕೆ ಮೊದಲು ಇದು ಶೇ 3 ಇತ್ತು.

ನಾನು ಓದಿದ್ದು ಇಂಜಿನಿಯರಿಂಗ್. ಇಂಥ ನಿಯಮ ಕಂಡರೆ ಎಕ್ಸೆಲ್ ಶೀಟ್ ತೆರೆಯೋ ಚಟ ಇನ್ನೂ ಬಿಟ್ಟಿಲ್ಲ. ತಂಗಿ ಒಪ್ಪಿಕೊಂಡಿದ್ದ ಮನೆಯ ಬೆಲೆ 3 ಲಕ್ಷ ಪೌಂಡ್. ಮೊದಲ ಸಲದವರಾದರೆ ತೆರಿಗೆ ಸೊನ್ನೆ. ಅಲ್ಲ ಅಂತಾದರೆ 5,000 ಪೌಂಡ್. ಹೆಚ್ಚುವರಿ ಮನೆ ಅಂತಾದರೆ 20,000 ಪೌಂಡ್, ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಲಕ್ಷ ದಾಟುತ್ತೆ.

"ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆಯಲ್ಲ, ಇಲ್ಲ ಅಂತ ಬರೆದರಾಯ್ತು" ಅಂತ ನಾನೇ ಮೊದಲು ಹೇಳಿದ್ದು. ಅದು ತಪ್ಪು. ಖಾತೆ ಇರೋದು ಮುಖ್ಯವಾಗಿ ಕಂದಾಯ ಕಟ್ಟೋಕೆ, ಅದು ಹಕ್ಕನ್ನು ತೀರ್ಮಾನ ಮಾಡಲ್ಲ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ ಅದು, ವಿಲ್ ಬರೆಯದೆ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ತೀರಿಕೊಂಡ ದಿನವೇ ಅಮ್ಮ, ನಾನು, ತಂಗಿ ಮೂವರಿಗೂ ಸಮಪಾಲು ಬಂದಾಯ್ತು. ನಾವು ಕಚೇರಿಗೆ ಹೋಗಿ ಹೆಸರು ಬದಲಾಯಿಸದೇ ಇರೋದು ನಮ್ಮ ಸೋಮಾರಿತನ ಅಷ್ಟೇ.

ವಿಷಯ ದೊಡ್ಡಪ್ಪನ ಕಿವಿಗೆ ಬಿತ್ತು. ಅವರ ಪರಿಹಾರ ಸಿದ್ಧವಾಗಿತ್ತು: "ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡಿ. ಅವಳಿಗೆ ಅಲ್ಲಿ ತೆರಿಗೆ ಉಳಿಯುತ್ತೆ, ಇಲ್ಲಿ ಮನೆಯೂ ಒಂದೇ ಕೈಯಲ್ಲಿ ಇರುತ್ತೆ." ಕುಟುಂಬದೊಳಗೆ ಇದಕ್ಕೆ ಖರ್ಚೂ ಹೆಚ್ಚಿಲ್ಲ. ತಂಗಿಯೂ "ಸರಿ, ಕಳಿಸಿ, ಸಹಿ ಹಾಕ್ತೀನಿ" ಅಂದಳು. ಆ ಒಂದು ಕೈ ನನ್ನದು ಅನ್ನೋದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಎರಡು ದಿನ ಸುಮ್ಮನಿದ್ದೆ, ಅದನ್ನು ಒಪ್ಪಿಕೊಳ್ತೀನಿ.

ಮೂರನೇ ದಿನ ನಿಯಮವನ್ನು ಸಾಲು ಸಾಲಾಗಿ ಓದಿದೆ. ಬಿಡುಗಡೆ ಪತ್ರದಿಂದ ಅವಳಿಗೆ ಒಂದು ಪೌಂಡೂ ಉಳಿಯಲ್ಲ ಅಂತ ಆಗ ಗೊತ್ತಾಯ್ತು. ಕಾರಣ ಎರಡು.

ಒಂದು, ಮೊದಲ ಸಲದವರ ರಿಯಾಯಿತಿಗೆ "ಈಗ ಮನೆ ಇಲ್ಲ" ಅನ್ನೋದು ಸಾಲದು, "ಎಂದೂ ಇರಲಿಲ್ಲ" ಅನ್ನಬೇಕು. ಪಿತ್ರಾರ್ಜಿತ ಪಾಲೂ ಲೆಕ್ಕಕ್ಕೆ ಬರುತ್ತೆ. ಇವತ್ತು ಪಾಲು ಬಿಟ್ಟುಕೊಟ್ಟರೂ ನಾಲ್ಕು ವರ್ಷ ಇತ್ತು ಅನ್ನೋದು ಅಳಿಸಲ್ಲ. ಆ ರಿಯಾಯಿತಿ ಅಪ್ಪ ಹೋದ ದಿನವೇ ಹೋಗಿತ್ತು.

ಎರಡು, ಶೇ 5ರ ಹೆಚ್ಚುವರಿ ತೆರಿಗೆ ಬೀಳೋದು ಬೇರೆ ಮನೆಯಲ್ಲಿ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಇದ್ದಾಗ. ಅಂದರೆ 45 ಲಕ್ಷ ರೂಪಾಯಿಗೂ ಮೇಲೆ. ಹಾಸನದ ಮನೆ ಇಡೀ ಮಾರಿದರೆ 75 ಲಕ್ಷ ಬರಬಹುದು. ತಂಗಿಯ ಪಾಲು 25 ಲಕ್ಷ. ಆ ತೆರಿಗೆ ಅವಳಿಗೆ ಮೊದಲೇ ಅನ್ವಯ ಆಗ್ತಿರಲಿಲ್ಲ.

ಅಪ್ಪನ ಮನೆ ಜಯನಗರದಲ್ಲಿದ್ದಿದ್ದರೆ ಲೆಕ್ಕ ಬೇರೆ. ಪಾಲು 40,000 ಪೌಂಡ್ ದಾಟುತ್ತಿತ್ತು, 15,000 ಪೌಂಡ್ ಜಾಸ್ತಿ ಕಟ್ಟಬೇಕಾಗುತ್ತಿತ್ತು. ಪಿತ್ರಾರ್ಜಿತವಾಗಿ ಬಂದ ಪಾಲು ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ ಮೊದಲ ಮೂರು ವರ್ಷ ಈ ತೆರಿಗೆಗೆ ಅದನ್ನು ಲೆಕ್ಕಕ್ಕೆ ಹಿಡಿಯಲ್ಲ ಅನ್ನೋ ವಿನಾಯಿತಿಯೂ ಇದೆ. ಗಂಡ-ಹೆಂಡತಿ ಒಟ್ಟಿಗೆ ಇದ್ದರೆ ಈ ತೆರಿಗೆಗೆ ಇಬ್ಬರ ಆಸ್ತಿಯನ್ನೂ ನೋಡ್ತಾರೆ. ಗಂಡನ ಹೆಸರಲ್ಲಿ ಬೆಂಗಳೂರಲ್ಲೊಂದು ಫ್ಲಾಟ್ ಇದ್ದರೆ, ಹೆಂಡತಿ ಒಬ್ಬಳೇ ಕೊಂಡರೂ ತಪ್ಪಲ್ಲ. ಹೋಗಿ ಇನ್ನೂ ಆರು ತಿಂಗಳಾಗದವರಿಗೆ ಮತ್ತೂ ಶೇ 2 ಸೇರುತ್ತೆ. ಕೊಳ್ಳುವ ಮೊದಲಿನ 12 ತಿಂಗಳಲ್ಲಿ 183 ದಿನ ಅಲ್ಲಿರಬೇಕು ಅನ್ನೋದು ನಿಯಮ, ಆಮೇಲೆ ಅಷ್ಟು ದಿನ ಅಲ್ಲೇ ಉಳಿದರೆ ಆ ಶೇ 2 ವಾಪಸ್ ಕೇಳಬಹುದು.

ಉಳಿದಿದ್ದು 5,000 ಪೌಂಡ್. ಅದನ್ನೂ ಉಳಿಸೋ ದಾರಿ ಒಂದಿತ್ತು. ಮೊದಲ ಸಲದ ರಿಯಾಯಿತಿಗೆ ನೋಡೋದು ಕೊಳ್ಳುವವರನ್ನು ಮಾತ್ರ. ಭಾವನ ಹೆಸರಲ್ಲಿ ಎಂದೂ ಮನೆ ಇರಲಿಲ್ಲ, ಅವರೊಬ್ಬರ ಹೆಸರಲ್ಲೇ ಕೊಂಡರೆ ಸೊನ್ನೆ. ಹೇಳಿದೆ. ತಂಗಿ ನಕ್ಕಳು: "ಹಾಸನದಲ್ಲೂ ಸಹಿ ಹಾಕಿ ಬಿಟ್ಟುಕೊಡು ಅಂದ್ರಿ, ಇಲ್ಲೂ ಹೆಸರು ಬೇಡ ಅಂತೀಯ. ನಾನೂ ಅಷ್ಟೇ ಇಎಂಐ ಕಟ್ತೀನಿ ಅಣ್ಣಾ." ಭಾವನೇ "ಇಬ್ಬರ ಹೆಸರಲ್ಲೂ ಇರಲಿ" ಅಂದರು.

ಮನೆ ಹುಡುಕುತ್ತಿರುವವರಿಗೆ ಇನ್ನೆರಡು ವಿಷಯ ಹೇಳಬೇಕು. ಮೊದಲನೆಯದು ಲೀಸ್‌ಹೋಲ್ಡ್. ತಂಗಿ ಮೊದಲು ಒಂದು ಫ್ಲಾಟ್ ನೋಡಿದ್ದಳು, ಅಗ್ಗವಾಗಿತ್ತು, ಅದಕ್ಕೆ ಲೀಸ್ 71 ವರ್ಷ ಉಳಿದಿತ್ತು. ಇದು ನಮ್ಮ ಬೆಂಗಳೂರಿನ ಲೀಸ್ ಅಲ್ಲ, ಕೊನೆಗೆ ದುಡ್ಡು ವಾಪಸ್ ಬರಲ್ಲ. ಪೂರ್ತಿ ಬೆಲೆ ಕೊಟ್ಟರೂ ನಿಮಗೆ ಸಿಗೋದು ಅಷ್ಟು ವರ್ಷದ ಹಕ್ಕು ಮಾತ್ರ, ನೆಲ ಇನ್ನೊಬ್ಬರದು. 80 ವರ್ಷಕ್ಕಿಂತ ಕೆಳಗಿಳಿದರೆ ಸಾಲ ಸಿಗೋದು ಕಷ್ಟ, ಅವಧಿ ವಿಸ್ತರಿಸೋ ಖರ್ಚೂ ಏರುತ್ತೆ. ಮನೆ ನೋಡೋಕೆ ಹೋದಾಗ ಅಡುಗೆಮನೆಗಿಂತ ಮೊದಲು ಈ ವರ್ಷ ಎಷ್ಟಿದೆ ಕೇಳಿ, ಸರ್ವಿಸ್ ಚಾರ್ಜ್ ಎಷ್ಟು ಕೇಳಿ.

ಎರಡನೆಯದು ಇಲ್ಲಿಂದ ಕಳಿಸೋ ದುಡ್ಡು. ಅಮ್ಮ ತನ್ನ ಎಫ್‌ಡಿ ಮುರಿಸಿ 20 ಲಕ್ಷ ಕೊಡ್ತೀನಿ ಅಂದರು. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಆದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ಶೇ 20 ಟಿಸಿಎಸ್ ವಸೂಲಿ ಮಾಡುತ್ತೆ. ಅಮ್ಮನ ವಿಷಯದಲ್ಲಿ ಅದು 2 ಲಕ್ಷ. ಅದು ಹೋದ ದುಡ್ಡಲ್ಲ, ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೀಬಹುದು. ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿರಲ್ಲ ಅನ್ನೋದು ಲೆಕ್ಕದಲ್ಲಿರಲಿ.

ಹೊರದೇಶದಲ್ಲಿ ಮನೆ ನೋಡೋಕೆ ಶುರು ಮಾಡುವ ಮೊದಲು ಊರಿನ ಆಸ್ತಿಯಲ್ಲಿ ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಲ್ಲಿನ ಸಾಲಿಸಿಟರ್ ಲಿಖಿತವಾಗಿ ಉತ್ತರ ಕೊಡುವವರೆಗೆ ಇಲ್ಲಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಅದರಲ್ಲೂ ಹೆಣ್ಣುಮಕ್ಕಳು. ಒಮ್ಮೆ ಉಪನೋಂದಣಿ ಕಚೇರಿಯಲ್ಲಿ ಬಿಟ್ಟುಕೊಟ್ಟ ಹಕ್ಕು ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಬರಲ್ಲ.

ತಂಗಿ 5,000 ಪೌಂಡ್ ಕಟ್ಟಲು ಒಪ್ಪಿದ್ದಾಳೆ. ಫಾರ್ಮಿನಲ್ಲಿ "ಹೌದು, ಹಾಸನದಲ್ಲಿ ಮೂರನೇ ಒಂದು ಪಾಲು" ಅಂತ ಬರೆದು ಕಳಿಸಿದಳು. ಹಾಸನದ ಮನೆಯ ಖಾತೆಗೆ ಮೂವರ ಹೆಸರು ಸೇರಿಸೋಕೆ ಅರ್ಜಿ ಹಾಕಬೇಕು, ಈ ಸೋಮವಾರ ಹೋಗ್ತಿದ್ದೀನಿ.